ನೀಲವ್ವನ ಹಾಲು

ನೀಲವ್ವಾ, ನಿನ್ನ ಮಗಳು ನಿನ್ನ ಹಾಲಿನಿಂದ ಸಾಯಲಿಲ್ಲ. ಆಕೆಯನ್ನು ಕೊಂದವಳು ನಾನು — ನಿನ್ನ ಗಂಡನ ಅಕ್ಕ, ಈ ಊರಿನ ಅಂಗನವಾಡಿ ಟೀಚರು. ಒಂಬತ್ತು ವರ್ಷ ಈ ಮಾತನ್ನು ನುಂಗಿಕೊಂಡು ನೀನು ಬಡಿದ ರೊಟ್ಟಿ ತಿಂದಿದ್ದೇನೆ. ಥೂ, ನನ್ನ ಬಾಳಿಗಿಷ್ಟು!

ಗೌರಿಗೆ ಆಗ ಒಂದೂವರೆ ವರ್ಷ. ನೀನು ಮತ್ತೆ ಬಸುರಿಯಾಗಿದ್ದೆ. ಬಸುರಿಯ ಹಾಲು ಕೂಸಿಗೆ ವಿಷ ಎಂದು ನನ್ನ ಅವ್ವ ನಿನ್ನ ಮೊಲೆಗೆ ಬೇವಿನ ರಸ ಹಚ್ಚಿಸಿ ಒಂದೇ ದಿನದಲ್ಲಿ ಹಾಲು ಬಿಡಿಸಿದಳು. ಬಸುರಿಯಾದರೂ ಹಾಲು ಕುಡಿಸಬಹುದು ಎಂದು ತಾಯಂದಿರ ಸಭೆಯಲ್ಲಿ ಗಂಟಲು ಹರಿದುಕೊಳ್ಳುತ್ತಿದ್ದವಳು ನಾನೇ. ಮನೆಯಲ್ಲಿ ಮಾತ್ರ ತುಟಿ ಬಿಚ್ಚಲಿಲ್ಲ. ಗಂಡನನ್ನು ಬಿಟ್ಟು ತವರಿಗೆ ಬಂದು ಕೂತವಳು, ಅವ್ವನ ಎದುರು ಹೇಗೆ — ಬೇಡ, ನೆಪ ಹೇಳುವುದಿಲ್ಲ.

ತಿಳಿ ಗಂಜಿಯಲ್ಲಿ ಗೌರಿ ಸೊರಗುತ್ತ ಹೋದಳು. ಪಕ್ಕೆಲುಬು ಎದ್ದವು, ಪಾದ ಊದಿದವು. ನೀನೇ ಅಂಗನವಾಡಿಗೆ ಎತ್ತಿಕೊಂಡು ಬಂದೆ. ಕೂಸು ಎಷ್ಟು ಸೊರಗಿದೆ ಎಂದು ಬಣ್ಣದಲ್ಲಿ ತೋರಿಸುವ ಅಳತೆಯ ಪಟ್ಟಿಯನ್ನು ನಾನು ಆಕೆಯ ತೋಳಿಗೆ ಸುತ್ತಿದೆ. ಕೆಂಪು! ಕೆಂಪು ಬಂದ ಕೂಸನ್ನು ಅವತ್ತೇ ಹಾವೇರಿಯ ಆಸ್ಪತ್ರೆಗೆ ಕಳಿಸಬೇಕು, ತಾಯಿ ಕೂಸು ಹದಿನಾಲ್ಕು ದಿನ ಅಲ್ಲಿಯೇ ಇರಬೇಕು. ಆದರೆ ಟೀಚರ ಮನೆಯಲ್ಲೇ ಕೆಂಪು ಕೂಸು ಎಂದರೆ ಊರು ನಗುತ್ತದಲ್ಲ — ನನ್ನ ಚಿಂತೆ ಅದು. ಪಟ್ಟಿಯನ್ನು ಸ್ವಲ್ಪ ಸಡಿಲ ಬಿಟ್ಟೆ. ಹಳದಿಗೆ ಬಂತು.

"ಏನೂ ಆಗಿಲ್ಲ, ಹಳದಿ ಐತಿ. ಚೊಲೋತ್ನಾಗಿ ಉಣಸು."

"ಖರೇನ ಏನ್ರಿ ಅಕ್ಕಾರ?" ನೀನು ನನ್ನ ಮುಖವನ್ನೇ ನೋಡುತ್ತಿದ್ದೆ.

"ಖರೇನ" ಎಂದೆ.

ಎಂಟು ದಿನಕ್ಕೆ ಕೂಸು ಕಣ್ಣು ತೆರೆಯದಾಯಿತು. ನಿನ್ನ ಗಂಡ ಹೊಲಕ್ಕೆ ಹೋಗಿದ್ದ. ಚುಟಿಗಿ ಕೊಡುತ್ತೇನೆಂದು ಅವ್ವ ಕುಡುಗೋಲಿನ ತುದಿಯನ್ನು ಒಲೆಗೆ ಇಟ್ಟಳು — ಸೊರಗಿದ ಕೂಸಿನ ಹೊಟ್ಟೆಗೆ ಬರೆ ಎಳೆದರೆ ಹಿಡಿದ ಗ್ರಹ ಬಿಡುತ್ತದೆ ಎಂಬುದು ಆಕೆ ಕಲಿತ ವೈದ್ಯ. ನೀನು ಗೌರಿಯನ್ನು ಸೆರಗಿನಲ್ಲಿ ಅವುಚಿಕೊಂಡು ಬಾಗಿಲಿಗೆ ಓಡಿದೆ.

"ನಾ ಹಾವೇರಿಗೆ ಹೋಗ್ತೇನಿ! ಕಾಲಿಗೆ ಬೀಳ್ತೇನಿ, ಬಿಡ್ರಿ ನನ್ನ!"

ಹಾವೇರಿಯಲ್ಲಿ ಮತ್ತೆ ತೋಳು ಅಳೆಯುತ್ತಾರೆ, ನನ್ನ ಸುಳ್ಳು ಹೊರಬೀಳುತ್ತದೆ. ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ. ತುರುಬು ಹಿಡಿದು ನಿನ್ನನ್ನು ಒಳಗೆ ಎಳೆದೆ. ಕಪಾಳಕ್ಕೆ ಹೊಡೆದೆ, ಒಂದಲ್ಲ ಎರಡಲ್ಲ. ಬಸುರಿ ಹೆಣ್ಣನ್ನು — ಗೋಡೆಗೆ ನೂಕಿ, ಕೂಸನ್ನು ತೋಳು ಹಿಡಿದು ಕಿತ್ತುಕೊಂಡೆ. ಆಗ ಬಂತು ಬಾಯಿಂದ ಆ ಮಾತು:

"ನಿನ್ನ ಹಾಲಿನ ವಿಷಾನ ಇದನ್ನ ತಿನ್ನಾಕತ್ತೈತಿ! ಕೂಸಿನ್ನ ಕೊಂದು ಈಗ ನಾಟಕ ಮಾಡ್ತಿಯೇನ?"

ನೀನು ನನ್ನ ಮುಂಗೈ ಕಚ್ಚಿದೆ. ರಕ್ತ ಬಂತು, ಆದರೂ ನಾನು ಬಿಡಲಿಲ್ಲ. ಗೌರಿಯ ಕಾಲುಗಳನ್ನು ಒತ್ತಿ ಹಿಡಿದೆ — ಒತ್ತಿ ಹಿಡಿಯಲು ಅಲ್ಲಿ ಏನಿತ್ತು, ಎರಡು ಕಡ್ಡಿ! ಅವ್ವ ನಾಲ್ಕು ಬರೆ ಎಳೆದಳು. ಚರ್ಮ ಚುರ್ರೆಂದಿತು. ಕೂಸು ಬಾಯಿ ತೆರೆಯಿತು, ದನಿ ಬರಲಿಲ್ಲ. ಚೀರಿದವಳು ನೀನು.

ಬರೆ ಕೀವುಗಟ್ಟಿತು. ಐದನೆಯ ದಿನ ಗೌರಿ ಹೋದಳು.

ಮಣ್ಣಿಗೆ ಬಂದ ಹೆಂಗಸರೆಲ್ಲ ನನ್ನ ಮಾತನ್ನೇ ಆಡಿದರು — ಬಸುರಿ ಹಾಲು, ಬಸುರಿ ಹಾಲು. ಬೇರೆ ಯಾರೋ ಹೇಳಿದ್ದರೆ ನೀನು ನಂಬುತ್ತಿರಲಿಲ್ಲವೇನೋ. ಟೀಚರು ಹೇಳಿದ್ದಳಲ್ಲ, ನಂಬಿದೆ. ಅವ್ವ ಈಗ ಇಲ್ಲ. ಆಕೆ ತಿಳಿಯದೆ ಮಾಡಿದಳು, ನಾನು ಎಲ್ಲ ತಿಳಿದು ಮಾಡಿದೆ.

ಮಗ ಹುಟ್ಟಿದ ಮೂರನೆಯ ದಿನ ನೀನು ಬಚ್ಚಲಲ್ಲಿ ಕೂತು, ಹಲ್ಲು ಕಚ್ಚಿಕೊಂಡು, ಕಲ್ಲಾದ ಎದೆಯನ್ನು ಹಿಂಡಿ ಹಾಲನ್ನು ಮೋರಿಗೆ ಬಿಡುತ್ತಿದ್ದೆ. ಒಳಗೆ ಹಸಿದ ಕೂಸು ಕಿರುಚುತ್ತಿತ್ತು. "ಇವನ್ನರ ಉಳಿಸ್ಕೊಂತೇನ್ರಿ ಅಕ್ಕಾರ" ಎಂದೆ. ಒಂದು ಮಾತು ಸಾಕಿತ್ತು, ನೀಲವ್ವಾ, ನನ್ನದೊಂದು ಮಾತು. ನಾನು ನಿನಗೆ ಬಿಸಿನೀರು ತಂದುಕೊಟ್ಟು ಒಳಗೆ ಹೋದೆ. ನೀರು ಬೆರೆಸಿದ ಎಮ್ಮೆ ಹಾಲಿನಲ್ಲಿ ಹುಡುಗ ಹೇಗೋ ಉಳಿದ. ಇವತ್ತಿಗೂ ಅವನ ತರಗತಿಯಲ್ಲಿ ಅವನಷ್ಟು ಸಣ್ಣವನು ಇನ್ನೊಬ್ಬನಿಲ್ಲ.

ಮೊನ್ನೆ ನಿನ್ನ ತವರು ಆಡೂರಿನಲ್ಲಿ ನಿನ್ನ ತಂಗಿ ಹಡೆದಳು. ನೋಡಲು ಬಾ ಎಂದು ನಿನ್ನ ಅವ್ವ ಎರಡು ಸಲ ಫೋನು ಮಾಡಿದರೂ ನೀನು ಹೋಗಲಿಲ್ಲ. "ನನ್ನ ಮೈ ಚೊಲೋ ಅಲ್ಲ, ಅವ್ವಾ, ಎಳೆ ಕೂಸಿನ್ನ ನಾ ಮುಟ್ಟಬಾರ್ದು" ಎಂದದ್ದು ನನ್ನ ಕಿವಿಗೆ ಬಿತ್ತು.

ನಾಳೆ ನಿನ್ನನ್ನು ಆಡೂರಿಗೆ ಕರೆದುಕೊಂಡು ಹೋಗುತ್ತೇನೆ. ನಿನ್ನ ಅವ್ವನ ಎದುರು, ತಂಗಿಯ ಎದುರು ಇದನ್ನೆಲ್ಲ ನನ್ನ ಬಾಯಿಂದಲೇ ಹೇಳುತ್ತೇನೆ. ಕ್ಷಮಿಸು ಎನ್ನಲು ನನಗೆ ಮುಖವಿಲ್ಲ. ನೀನು ಹೊಡೆಯಲು ಬಂದರೆ ಕೈ ಅಡ್ಡ ಹಿಡಿಯುವುದಿಲ್ಲ. ಸಾಕೆನ್ನಿಸುವಷ್ಟು ಹೊಡಿ. ಆಮೇಲೆ ಆ ಕೂಸನ್ನು ಎತ್ತಿಕೋ.