ತಂಗಿಯ ನಂಬರ್ ಪ್ಯಾಡ್

ಇವತ್ತು ಬೆಳಿಗ್ಗೆ ಅಂಗಿ ನೆನೆಹಾಕುವ ಮೊದಲು ಕಿಸೆ ತಡವಿ ನೋಡಿದೆ. ಅಲ್ಲೇ ಇತ್ತು. ಹೆಬ್ಬೆರಳಿನ ಉಗುರಿನಷ್ಟು ಗಾತ್ರ, ಕಪ್ಪು ಬಣ್ಣ, ಒಂದು ತುದಿಗೆ ತಗಡು. ಗೊತ್ತಿಲ್ಲದವರು ನೋಡಿದರೆ ಯಾವುದೋ ಮುರಿದ ಸಾಮಾನಿನ ಚೂರು ಎಂದು ಕಸಕ್ಕೆ ಎಸೆದಾರು. ಇದಕ್ಕೆ ರಿಸೀವರ್ ಎನ್ನುತ್ತಾರಂತೆ. ಕೊಟ್ಟೂರಿನಲ್ಲಿ ಎಸ್‌ಟಿಡಿ ಬೂತ್ ಇಟ್ಟಿದ್ದವನು ನಾನು. ನನಗೆ ರಿಸೀವರ್ ಎಂದರೆ ಕಿವಿಯಿಂದ ಬಾಯಿಯ ತನಕ ಬರುವಂಥದ್ದು, ಹಿಡಿದರೆ ಕೈ ತುಂಬುವಂಥದ್ದು. ಇದು ಅಂಗೈಯಲ್ಲಿದ್ದರೂ ಇದೆಯೋ ಇಲ್ಲವೋ ತಿಳಿಯದು. ಆದರೆ ಇದು ಎಷ್ಟು ಭಾರವಾಗಬಲ್ಲದು ಎಂದು ನನಗೊಮ್ಮೆ ಗೊತ್ತಾಗಿದೆ. ಅದನ್ನು ನಿಮ್ಮ ಮುಂದೆ ಹೇಳಿಕೊಳ್ಳಬೇಕು.

ನನ್ನ ತಂಗಿ ಕೊಟ್ರಮ್ಮ ಹಗರಿಬೊಮ್ಮನಹಳ್ಳಿಯ ಹೊರಗೆ ಒಂದು ಕಾಟಾದಲ್ಲಿ ಕೆಲಸ ಮಾಡುತ್ತಾಳೆ. ಕಾಟಾ ಎಂದರೆ ಲಾರಿ ತೂಗುವ ವೇಬ್ರಿಜ್. ಖಾಲಿ ಲಾರಿ ಬಂದು ಕಬ್ಬಿಣದ ಹಾಸಿನ ಮೇಲೆ ನಿಂತಾಗ ಇವಳು ಗಾಡಿ ನಂಬರ್ ಹೊಡೆಯುತ್ತಾಳೆ. ತೂಕ ತಾನಾಗಿ ಕಂಪ್ಯೂಟರಿಗೆ ಬರುತ್ತದೆ. ಅದೇ ಲಾರಿ ಮೆಕ್ಕೆಜೋಳವನ್ನೋ ಶೇಂಗಾವನ್ನೋ ತುಂಬಿಕೊಂಡು ತಿರುಗಿ ಬಂದಾಗ ಅದೇ ನಂಬರ್ ಹೊಡೆದರೆ ಚೀಟಿ ಸಿದ್ಧ. ಗಂಡ ತೀರಿಕೊಂಡ ಮೇಲೆ ಅವಳು ಹಿಡಿದ ಕೆಲಸ ಅದು. "ಮನ್ಯಾಗ ನಾನು ಅವ್ನ ಹೆಂಡ್ತಿ ಆಗಿದ್ದೆ, ನಿನ್ನ ತಂಗಿ ಆಗಿದ್ದೆ. ಆ ಕುರ್ಚಿ ಮ್ಯಾಗ ಕುಂತ್ರ ನಾನು ಕಾಟಾದಕ್ಕ" ಎಂದು ಒಮ್ಮೆ ಅಂದಿದ್ದಳು. ಡ್ರೈವರುಗಳು ಹಾಗೆಯೇ ಕರೆಯುತ್ತಿದ್ದರು.

ಹೋದ ವರ್ಷ ಅವಳಿಗೆ ಲಕ್ವ ಹೊಡೆಯಿತು. ಮಾತು ಬೇಗ ತಿರುಗಿ ಬಂತು, ಕಾಲೂ ಎಳೆದಾಡಿಕೊಂಡು ಬಂತು, ಬಲಗೈ ಮಾತ್ರ ಬರಲಿಲ್ಲ. ಕಾಟಾದ ಮಾಲೀಕ ವೀರಣ್ಣ ಒಳ್ಳೆಯ ಮನುಷ್ಯ. "ಅಕ್ಕಾರು ಆರಾಮಾಗಾತನಕ ನೀವ ಕುಂದರ್ರಿ" ಎಂದು, ಅವಳನ್ನು ನೋಡಿಕೊಳ್ಳಲು ಬಂದು ಅವಳ ಮನೆಯಲ್ಲೇ ಉಳಿದಿದ್ದ ನನ್ನನ್ನು ಕರೆದರು.

ನಾನು ಒಪ್ಪಿದ ಉಮೇದನ್ನು ನೀವು ನೋಡಬೇಕಿತ್ತು. ಓದಿದ್ದು ಹೈಸ್ಕೂಲು ಮಾತ್ರವಾದರೂ ಅಂಕಿಗಳ ವಿಷಯದಲ್ಲಿ ನನ್ನ ಬೆರಳುಗಳಿಗೆ ಭಾರಿ ಗರ್ವ. ಬೂತಿನ ಕಾಲದಲ್ಲಿ ಗಿರಾಕಿಯ ಮುಖ ನೋಡುತ್ತಲೇ ಮುಂಬೈ, ಪುಣೆ, ಗೋವಾದ ನಂಬರುಗಳನ್ನು ಒತ್ತುತ್ತಿದ್ದೆ. ಕೊಟ್ಟೂರಿನಿಂದ ಆಚೆ ಹೋದ ಮಾತೆಲ್ಲ ನನ್ನ ತೋರುಬೆರಳಿನಿಂದಲೇ ಹೋಗಿದ್ದು ಎನ್ನುವ ಭ್ರಮೆ ನನಗಿತ್ತು. ಎಲ್ಲರ ಕೈಗೂ ಮೊಬೈಲ್ ಬಂತು. ನನ್ನ ಗಾಜಿನ ಬೂತಿನಲ್ಲಿ ಪಕ್ಕದವನು ಬಾಳೆಹಣ್ಣಿನ ಗೊನೆ ನೇತುಹಾಕಿದ. ಆಮೇಲೆ ನನ್ನನ್ನು ಯಾರೂ ಯಾವುದಕ್ಕೂ ಕೇಳಿರಲಿಲ್ಲ.

ಹೀಗೆ ಮೆರೆಯುತ್ತ ಕೂತ ಮೊದಲ ದಿನವೇ ಎಡವಟ್ಟಾಯಿತು. ಹಂಪಸಾಗರದ ಮಾಬುಸಾಬನ ಲಾರಿ ಬಂತು. ನಂಬರಿನ ಕೊನೆಯ ಅಂಕಿಗಳು 7141. ನಾನು ಅವನ ಮುಖ ನೋಡುತ್ತಲೇ ಹೊಡೆದೆ. ಮಾಲು ತುಂಬಿಕೊಂಡು ಬಂದಾಗ ಆ ನಂಬರಿನ ಗಾಡಿ ಬಂದೇ ಇಲ್ಲ ಎಂದಿತು ಕಂಪ್ಯೂಟರು. ಹುಡುಕಿದರೆ 1747 ಎಂಬ ಗಾಡಿಯೊಂದು ಕೂತಿತ್ತು. ಆಮೇಲೆ ತಿಳಿಯಿತು ನೋಡಿ: ಫೋನಿನಲ್ಲಿ ಒಂದು, ಎರಡು, ಮೂರು ಮೇಲಿನ ಸಾಲಿನಲ್ಲಿವೆ, ಕಂಪ್ಯೂಟರಿನಲ್ಲಿ ಏಳು, ಎಂಟು, ಒಂಬತ್ತು ಮೇಲಿವೆ. ನನ್ನ ಬೆರಳು ಇನ್ನೂ ಬೂತಿನಲ್ಲೇ ಇತ್ತು.

"ಯಜಮಾನ್ರ, ಮುಂಜಾನಿ ನನ್ ಗಾಡಿ ತಂದಿದ್ದೆ. ಈಗ ಯಾರ್ದು ಒಯ್ಲಿ ಹೇಳ್ರಿ" ಎಂದ ಮಾಬುಸಾಬ. ಹಿಂದೆ ನಿಂತ ಡ್ರೈವರುಗಳೆಲ್ಲ ನಕ್ಕರು.

ನಿಧಾನಕ್ಕೆ ಕಲಿತೆ. ಕಲಿತಂತೆ ಕುರ್ಚಿ ರುಚಿಸತೊಡಗಿತು. ಕಿಟಕಿಯಲ್ಲಿ ಮುಖ ಕಂಡ ಕೂಡಲೇ ಲಾರಿಯವರು ಕೈ ಎತ್ತುವುದು, ಚಹಾದವನು ಕೇಳದೆಯೇ ಲೋಟ ತಂದಿಡುವುದು, ಇವೆಲ್ಲ ಮುಪ್ಪಿನಲ್ಲಿ ಮತ್ತೆ ಸಿಕ್ಕಿದ್ದವು. ಹಾಗಾಗಿ ಕೊಟ್ರಮ್ಮ "ನಾನು ಬರ್ತೀನಣ್ಣಾ" ಎಂದಾಗ ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ.

ಬಂದು ಕೂತು ಪ್ರಯತ್ನಿಸಿದಳು. ಕೀಬೋರ್ಡಿನಲ್ಲಿ ಅಂಕಿಗಳು ಬಲತುದಿಯಲ್ಲಿ, ಕಿಟಕಿ ಎಡಕ್ಕೆ. ಎಡಗೈಯನ್ನು ಎದೆಯ ಮೇಲಿಂದ ಅಡ್ಡ ಚಾಚಿ, ಕತ್ತು ಹೊರಗೆ ತಿರುಗಿಸಿ ನಂಬರ್ ಓದುವಷ್ಟರಲ್ಲಿ ಮೈಯೇ ವಾಲುತ್ತಿತ್ತು. ಆ ಸಂಜೆ ನಾನು ವೀರಣ್ಣನಿಗೆ, "ಆಕಿಗೆ ಆಗಂಗಿಲ್ರಿ. ಸುಮ್ನ ತ್ರಾಸು ಕೊಡಾದ್ಯಾಕ" ಎಂದೆ. ಕೇಳಿದವರಿಗೆ ಅದು ಅಣ್ಣನ ಕಕ್ಕುಲಾತಿ. ಒಳಗಿದ್ದದ್ದು ಕುರ್ಚಿಯ ಆಸೆ.

ಅವಳು ಬಿಡುವವಳಲ್ಲ. ಊಟ ಮಾಡುತ್ತ ಕೂತವಳು ಒಮ್ಮೆಗೇ, "ಅಣ್ಣಾ, ಆ ಕೀಬೋರ್ಡಿನ ನಂಬರಿನ ತುಂಡಷ್ಟ ಮುರ್ದು ಎಡಕ್ಕ ಇಟ್ಕಂಡ್ರ ಹೆಂಗ?" ಎಂದಳು.

"ಮುರಿ, ಆಮ್ಯಾಲ ವೀರಣ್ಣ ನಿನ್ನ ಮುರೀತಾನ" ಎಂದು ನಕ್ಕೆ. ಆದರೆ ಹೊಸಪೇಟೆಯ ಕಂಪ್ಯೂಟರ್ ಅಂಗಡಿಯಲ್ಲಿ ವಿಚಾರಿಸಿದಾಗ ನನ್ನ ನಗು ನಿಂತಿತು. ಮುರಿಯುವುದೇ ಬೇಡ, ಬರೀ ಅಂಕಿಗಳದ್ದೇ ಒಂದು ಚೌಕ ಬೇರೆಯಾಗಿ ಸಿಗುತ್ತದೆ. ನಂಬರ್ ಪ್ಯಾಡ್.

ಅಂಗಡಿಯವರು ಮೂರು ನಾಲ್ಕು ತೆಗೆದಿಟ್ಟರು. ಸೀರೆ ಆರಿಸುವಾಗಲೂ ನನ್ನ ತಂಗಿ ಅಷ್ಟು ಹೊತ್ತು ನಿಂತವಳಲ್ಲ. ವೈರ್ ಇದ್ದದ್ದನ್ನು ಮುಟ್ಟಲೇ ಇಲ್ಲ: "ನನಗ ಇದು ಕಿಟಕಿ ಕಟ್ಟಿ ಮ್ಯಾಗ ಬೇಕು. ಕಂಪ್ಯೂಟರಿಗೆ ಕಟ್ಟಿಹಾಕಿದ್ದು ಬ್ಯಾಡ." ತೆಳ್ಳಗೆ, ಚೆಂದಗೆ, ವೈರಿಲ್ಲದ್ದೊಂದು ನನಗೆ ಹಿಡಿಸಿತು. ಅವಳು ಅದರ ಗುಂಡಿ ಒತ್ತಿದ ಕೂಡಲೇ ಅದು ಮೇಜಿನ ಮೇಲೆ ಜಾರಿತು. "ಹಗೂರಿದ್ರ ಜಾರ್ತತಿ ಅಣ್ಣಾ. ಹಿಡಿಯಾಕ ನನಗ ಇನ್ನೊಂದು ಕೈ ಎಲ್ಲೈತಿ?" ಎಂದಳು. ಅದನ್ನು ಅವಳು ಎಷ್ಟು ಸಲೀಸಾಗಿ ಹೇಳಿದಳೆಂದರೆ ನಾನು ಬೀದಿಯ ಕಡೆ ನೋಡಬೇಕಾಯಿತು.

ಕೊನೆಗೆ ಬಂದದ್ದು ಮೆಕ್ಯಾನಿಕಲ್. ಒಂದೊಂದು ಗುಂಡಿಯ ಕೆಳಗೂ ಅದರದೇ ಸ್ವಿಚ್ಚು, ಅದರದೇ ಸ್ಪ್ರಿಂಗು. ಇಟ್ಟಲ್ಲಿಂದ ಕದಲದಷ್ಟು ತೂಕ. ಇದಕ್ಕೂ ವೈರಿಲ್ಲ, ರಿಸೀವರ್ ಎಂಬ ಆ ಚೂರನ್ನು ಕಂಪ್ಯೂಟರಿಗೆ ಚುಚ್ಚಿದರೆ ಮಾತ್ರ ಒತ್ತಿದ ಅಂಕಿ ಅಲ್ಲಿಗೆ ಹೋಗುತ್ತದೆ. ಅದರಲ್ಲೂ ಎರಡು ಥರ. ಒಂದು ಟಕ್ ಟಕ್ ಎಂದು ಸದ್ದು ಮಾಡುತ್ತದೆ. ಇನ್ನೊಂದರಲ್ಲಿ ಅಷ್ಟು ಸದ್ದಿಲ್ಲ, ಒತ್ತುವಾಗ ನಡುವೆ ಸಣ್ಣದೊಂದು ತಡೆ ಬೆರಳಿಗೆ ಸಿಕ್ಕಿ ಬಿಡುತ್ತದೆ.

"ಸದ್ದು ಮಾಡಾದ್ನ ಒಯ್ಯಿರಿ, ಎಲ್ಲಾರೂ ಅದನ್ನ ಕೇಳ್ತಾರ" ಎಂದರು ಅಂಗಡಿಯವರು.

"ಲಾರಿ ಇಂಜಿನ್ ಮುಂದ ಇದರ ಟಕ್ ಟಕ್ ಯಾರಿಗೆ ಕೇಳ್ತತ್ರಿ? ನನ್ನ ಬೆರಳಿಗೆ ಗೊತ್ತಾದ್ರ ಸಾಕು" ಎಂದು ಎರಡನೆಯದನ್ನು ಎಳೆದುಕೊಂಡಳು. ಕಣ್ಣು ಮುಚ್ಚಿ ಐದರ ಮೇಲಿನ ಸಣ್ಣ ಉಬ್ಬನ್ನು ಹುಡುಕಿದಳು. ಆಮೇಲೆ ಮುಖ ಅರಳಿತು. "ಅಣ್ಣಾ, ಇಲ್ನೋಡು!" ಎಡಗೈ ಇಟ್ಟಾಗ ಬಲಮೂಲೆಯ ಎಂಟರ್ ಗುಂಡಿ ಸರಿಯಾಗಿ ಅವಳ ಹೆಬ್ಬೆರಳಿನ ಕೆಳಗೇ ಬಂದಿತ್ತು. ಬಲಗೈಯಲ್ಲಿ ಅದನ್ನು ಕಿರುಬೆರಳು ಚಾಚಿ ಒತ್ತಬೇಕು. ಎಡಗೈಗೆ ಹೆಬ್ಬೆರಳಿನ ಬಲವೇ ಸಿಗುತ್ತದೆ. ಆ ವಸ್ತು ಮಾಡಿದವರು ಕೊಟ್ರಮ್ಮನನ್ನು ಕಂಡಿರಲಾರರು. ಆದರೂ ಅವಳಿಗೆಂದೇ ಮಾಡಿದಂತಿತ್ತು. ಬೆಲೆ ಕೇಳಿ ನಾನು ಕೆಮ್ಮಿದೆ, ಅವಳು ಕೆಮ್ಮಲಿಲ್ಲ.

ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಪ್ಯಾಡನ್ನು ಕಟ್ಟೆಯ ಮೇಲಿಟ್ಟುಕೊಂಡು ಬೀದಿಯಲ್ಲಿ ಹೋಗುವ ಟ್ರ್ಯಾಕ್ಟರು, ಟಂಟಂ ಆಟೋಗಳ ನಂಬರುಗಳನ್ನೆಲ್ಲ ಒತ್ತುತ್ತ ಕೂರುತ್ತಿದ್ದಳು. ಎಲ್ಲಿಗೂ ಹೋಗದ ನಂಬರುಗಳು. ವೀರಣ್ಣ ಕೇಳಿ, "ಸಂತಿ ದಿನ ಬರ್ರಿ ಅಕ್ಕಾರ, ಗದ್ಲಿನಾಗ ಆತಂದ್ರ ಆತು" ಎಂದರು. ಅವಳ ಕುರ್ಚಿ ಉಳಿಯುವುದೋ ಹೋಗುವುದೋ ಆ ಬೆಳಿಗ್ಗೆ ತೀರ್ಮಾನ.

ಹಿಂದಿನ ಸಂಜೆ ಪ್ಯಾಡನ್ನು ಕಾಟಾಕ್ಕೆ ಒಯ್ದು, ಕಂಪ್ಯೂಟರಿಗೆ ರಿಸೀವರ್ ಚುಚ್ಚಿ ನೋಡಿ, ಅದನ್ನು ತೆಗೆದು ಕಿಸೆಗೆ ಹಾಕಿಕೊಂಡವನು ನಾನೇ. ಬೆಳಿಗ್ಗೆ ಲಾರಿ ಬಂತು. ಕೊಟ್ರಮ್ಮ ಕಿಟಕಿಯ ಬಳಿ ನಿಂತು ಒತ್ತಿದಳು. ಪರದೆಯ ಮೇಲೆ ಏನೂ ಬರಲಿಲ್ಲ. ಮತ್ತೆ ಒತ್ತಿದಳು. ಹೊರಗೆ ಹಾರ್ನ್. ವೀರಣ್ಣ ಕೈಕಟ್ಟಿ ನಿಂತಿದ್ದರು. ನನ್ನ ಬೆರಳು ಕಿಸೆಯ ಮೇಲಿತ್ತು, ಬಟ್ಟೆಯ ಕೆಳಗೆ ಆ ಚೂರು ಗಟ್ಟಿಯಾಗಿ ಸಿಗುತ್ತಿತ್ತು. ಮರೆತಿರಲಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನೆ ನಿಂತೆ. ಅವಳು ಇನ್ನೊಮ್ಮೆ ಒತ್ತಿದಳು, ಆಗಲೂ ನಿಂತೇ ಇದ್ದೆ.

ತಿರುಗದೆಯೇ ಹೇಳಿದಳು: "ಅಣ್ಣಾ, ನಿನ್ನ ಕಿಸೆದಾಗ ನೋಡು."

ನಾನು ತೆಗೆದು ಚುಚ್ಚಿದೆ. ಹಾಸಿನ ಮೇಲೆ ನಿಂತಿದ್ದದ್ದು ಮಾಬುಸಾಬನ ಲಾರಿಯೇ. ಅವಳು ಕಣ್ಣು ಹೊರಗಿಟ್ಟುಕೊಂಡೇ 7141 ಹೊಡೆದಳು, ಹೆಬ್ಬೆರಳಿನಿಂದ ಎಂಟರ್ ಕೊಟ್ಟಳು. ಮೊದಲೆಲ್ಲ ನಂಬರ್ ಓದಿ, ಬಾಯಲ್ಲಿ ಹೇಳಿಕೊಳ್ಳುತ್ತ ಮೇಜಿಗೆ ಬಂದು ಹೊಡೆಯಬೇಕಿತ್ತು. ಈಗ ಕಂಡಲ್ಲೇ ಹೊಡೆಯುತ್ತಿದ್ದಳು. ಸಂತೆಯ ಗದ್ದಲ ಮುಗಿಯುವ ತನಕ ಒಂದು ಗಾಡಿಯೂ ತಪ್ಪಲಿಲ್ಲ.

"ಅಕ್ಕಾರ, ಇವತ್ತು ನನ್ ಗಾಡಿ ನನ್ದ ಐತಿ ನೋಡ್ರಿ!" ಎಂದು ಚೀಟಿ ಹಿಡಿದು ಕೂಗಿದ ಮಾಬುಸಾಬ. ವೀರಣ್ಣ ಕುರ್ಚಿಯನ್ನು ತಾವೇ ಕಿಟಕಿಯ ಪಕ್ಕಕ್ಕೆ ಎಳೆದಿಟ್ಟರು.

ಮನೆಗೆ ಬರುವಾಗ "ಮರ್ತಿದ್ದೆ ಕೊಟ್ರೀ" ಎಂದೆ.

"ನಾನೇನರ ಕೇಳಿದ್ನೇನು?" ಎಂದಳು. ಸ್ವಲ್ಪ ದೂರ ನಡೆದ ಮೇಲೆ ನಿಂತು, ಸೆರಗಿನ ಗಂಟಿನಿಂದ ರಿಸೀವರ್ ತೆಗೆದು ನನ್ನ ಕೈಗೆ ಕೊಟ್ಟಳು. "ಅಲ್ಲೇ ಬಿಟ್ರ ಯಾರರ ಕಿತ್ತಿಡ್ತಾರ. ದಿನಾ ನಿನ್ ಕಿಸೆದಾಗ ಇರ್ಲಿ. ಮುಂಜಾನಿ ನೀನ ಬಂದು ಚುಚ್ಚು."

ಅದು ಕ್ಷಮೆಯೋ ಶಿಕ್ಷೆಯೋ ನಾನು ಕೇಳಿಲ್ಲ. ಅಂದಿನಿಂದ ಅವಳ ಕುರ್ಚಿ ರಾತ್ರಿಯೆಲ್ಲ ನನ್ನ ಕಿಸೆಯಲ್ಲಿರುತ್ತದೆ. ಬೆಳಗಾದರೆ ಅವಳಿಗಿಂತ ಮೊದಲು ಹೋಗಿ ಕಸ ಹೊಡೆದು, ಕಿಟಕಿ ಒರೆಸಿ, ಚುಚ್ಚಿ, ಐದನ್ನು ಒಮ್ಮೆ ಒತ್ತಿ ನೋಡುತ್ತೇನೆ.

ಈ ಬೆಳಿಗ್ಗೆಯೂ ಹೋದೆ. ಕಾಲೆಳೆಯುತ್ತ ಬಂದವಳು ಬಾಗಿಲಲ್ಲೇ ಕೇಳಿದಳು:

"ಹಾಕೀಯೇನಣ್ಣಾ?"

"ಹಾಕೀನಿ, ಬಾರವಾ" ಎಂದು ಕುರ್ಚಿಯಿಂದ ಎದ್ದೆ.