ನನ್ನ ಡಬ್ಬಿಯ ಮಣ್ಣು, ಅಣ್ಣನ ಇಟ್ಟಿಗೆ

ಅಣ್ಣನ ಫೋನ್ ಬಂದಾಗ ನನ್ನ ಬಲಗೈ ಭುಜದವರೆಗೂ ಒಂದು ಹಸುವಿನೊಳಗಿತ್ತು. ಶ್ರೀರಂಗಪಟ್ಟಣದ ಸುತ್ತಮುತ್ತಲ ಹಳ್ಳಿಗಳಲ್ಲಿ ಹಸುಗಳಿಗೆ ಗಬ್ಬದ ಸೂಜಿ ಹಾಕುವುದು, ಗಬ್ಬ ನಿಂತಿದೆಯೋ ಇಲ್ಲವೋ ಕೈಯಾಡಿಸಿ ನೋಡುವುದು ನನ್ನ ಕೆಲಸ. ಸಂಬಳ ಪಶು ಇಲಾಖೆಯದು, 'ಹಸಾ ಡಾಕ್ಟ್ರಮ್ಮ' ಎಂಬ ಬಿರುದು ಕಿರಂಗೂರಿನವರದು. ಎಡಗೈಯಲ್ಲಿ ಫೋನ್ ಹಿಡಿದೆ.

“ಸೋಮವಾರ ಪಾಂಡವಪುರಕ್ಕೆ ಬಂದ್ಬುಡವ್ವ, ರಿಜಿಸ್ಟ್ರಾರ್ ಆಫೀಸ್ಗೆ. ಒಂದು ಸೈನು ಅಷ್ಟೆಯ.”

“ಏನ್ ಸೈನು?”

“ಅದೇ ಕಣವ್ವ, ಅಪ್ಪನ ಜಮೀನಿಂದು. ನಿನ್ ಹಕ್ಕು ಬುಟ್ಕೊಟ್ಟೆ ಅಂತ. ಎಲ್ಲಾ ಹೆಣ್ಮಕ್ಳೂ ಮಾಡದೇ ಅಲ್ವಾ? ನಿಮ್ಮತ್ತಿಗೆ ಆಗ್ಲೇ ಸೀರೆ ತಂದಿಟ್ಟವ್ಳೆ.”

ನಮ್ಮ ಕಡೆ ಇದೊಂದು ಪದ್ಧತಿ. ಅಪ್ಪ ಹೋದ ಮೇಲೆ ಹೆಣ್ಣುಮಕ್ಕಳು ಆಫೀಸಿಗೆ ಹೋಗಿ ಪಾಲು ಬೇಡವೆಂದು ಸಹಿ ಹಾಕುತ್ತಾರೆ. ಅಣ್ಣತಮ್ಮಂದಿರು ಅಲ್ಲೇ ಹೋಟೆಲಿನಲ್ಲಿ ಊಟ ಹಾಕಿಸಿ, ಸೀರೆ, ಕುಪ್ಪಸ, ಅರಿಶಿನ ಕುಂಕುಮ ಕೊಟ್ಟು ಬಸ್ಸು ಹತ್ತಿಸುತ್ತಾರೆ. ಸಹಿ ಹಾಕಿದವಳಿಗೆ ತವರಿನ ಬಾಗಿಲು ತೆರೆದಿರುತ್ತದೆ. ಹಾಕದವಳನ್ನು ಗೌರಿ ಹಬ್ಬಕ್ಕೆ ಕರೆಯುವುದಿಲ್ಲ, ಅವಳ ಮಕ್ಕಳ ಮದುವೆಗೆ ಸೋದರಮಾವ ಬರುವುದಿಲ್ಲ. ನಮ್ಮವ್ವ ಹಾಕಿದ್ದಳು, ನನ್ನ ಇಬ್ಬರು ಸೋದರತ್ತೆಯರೂ ಹಾಕಿದ್ದರು. ಅವರನ್ನು ಯಾರೂ ಬಲವಂತ ಮಾಡಿರಲಿಲ್ಲ. ಕೇಳಿಯೂ ಇರಲಿಲ್ಲ.

ನನ್ನ ಮೈ ಉರಿಸಿದ್ದು ಅದೇ. ಹಾಕ್ತೀಯಾ ಎಂದು ಕೇಳಲಿಲ್ಲ, ಬಂದ್ಬುಡು ಎಂದ. ಇದೇ ಅಣ್ಣ ತನ್ನ ಹಸು ಬೆದೆಗೆ ಬಂದರೆ, “ಬಿಡುವಾದ್ರೆ ಬಾರವ್ವ, ತೊಂದ್ರೆ ಆಗಲ್ಲ ತಾನೆ” ಎಂದು ನಾಲ್ಕು ಸಲ ಕೇಳುತ್ತಾನೆ. ಹಸುವಿಗೆ ಇರುವ ಮರ್ಯಾದೆ ನನಗಿಲ್ಲ ಎಂದಾಯಿತಲ್ಲ! ಮನೆಗೆ ಬಂದು ಯಜಮಾನರಿಗೆ ಹೇಳಿದರೆ, “ನಿನ್ನ ತವರಿನ ವಿಷಯ, ನೀನುಂಟು ನಿಮ್ಮಣ್ಣ ಉಂಟು” ಎಂದು ಟಿ.ವಿ. ಸದ್ದು ಜೋರು ಮಾಡಿದರು. ಒಳ್ಳೆ ಗಂಡ.

ಜಮೀನೇನು ದೊಡ್ಡದಲ್ಲ. ಮೇಲುಕೋಟೆ ಬೆಟ್ಟದ ಕೆಳಗೆ, ಜಕ್ಕನಹಳ್ಳಿ ದಾರಿಯಲ್ಲಿ ಇಳಿಜಾರಾದ ಹೊಲ. ಕೆಳಗಡೆ ಒಂದಿಷ್ಟು ಗದ್ದೆ, ಮೇಲಿನ ಮೂಲೆಯಲ್ಲಿ ಒಂದು ಹುಣಸೆಮರ. ಇನ್ನೆರಡು ವರ್ಷಕ್ಕೆ ನನಗೆ ನಿವೃತ್ತಿ, ಕ್ವಾರ್ಟರ್ಸ್ ಬಿಡಬೇಕು. ಆ ಮರದ ಹತ್ತಿರ ಒಂದು ಕೋಣೆ ಹಾಕಿಕೊಂಡು, ಎರಡು ಹಸು ಕಟ್ಟಿಕೊಂಡು ಇರಬೇಕೆಂಬುದು ನನ್ನ ಬಹಳ ದಿನದ ಆಸೆ. ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ಈಗ ಸಹಿ ಹಾಕಿದರೆ ಅದು ಹೋಯಿತು. ಹಾಕದಿದ್ದರೆ ಅಣ್ಣ ಹೋದ. ಇರುವುದು ಅವನೊಬ್ಬನೇ.

ದೇವರ ವಿಷಯದಲ್ಲಿ ನಾನು ಅಷ್ಟಕ್ಕಷ್ಟೇ. ಆದರೆ ನಮ್ಮ ಜಿಲ್ಲೆಯಲ್ಲಿ ನೆಲದ ವಿಷಯ ಬಂದರೆ ಜನ ವಕೀಲರಿಗಿಂತ ಮೊದಲು ಕಲ್ಲಹಳ್ಳಿಯ ಭೂವರಾಹಸ್ವಾಮಿಯ ಹತ್ತಿರ ಹೋಗುತ್ತಾರೆ. ಕೆ.ಆರ್.ಪೇಟೆ ತಾಲ್ಲೂಕಿನಲ್ಲಿ, ಕನ್ನಂಬಾಡಿ ಕಟ್ಟೆಯ ಹಿನ್ನೀರಿನ ದಂಡೆಯ ಮೇಲೆ ಆ ದೇವಸ್ಥಾನ. ಯಾವ ನೆಲ ತಮ್ಮದಾಗಬೇಕೋ ಆ ನೆಲದ ಮಣ್ಣನ್ನು ಒಯ್ದು ಪೂಜೆ ಮಾಡಿಸಿ, ತಂದು ಅಲ್ಲೇ ಹಾಕುವುದು. ಮನೆ ಕಟ್ಟುವವರು ಇಟ್ಟಿಗೆ ಒಯ್ಯುವುದು. ಯಾರ ಹತ್ತಿರವೂ ಹೇಳಿಕೊಳ್ಳಲಾಗದ್ದನ್ನು ಅಲ್ಲಾದರೂ ಹೇಳಿ ಬರೋಣ ಎಂದು ಭಾನುವಾರ ಬೆಳಿಗ್ಗೆ ಬೈಕ್ ತೆಗೆದೆ. ಹಿಂದಿನ ಸಂಜೆ ಚೈನು ಬಿಗಿ ಮಾಡಿಕೊಟ್ಟ ಗಂಜಾಮಿನ ಮೆಕ್ಯಾನಿಕ್ ಸಾಹೇಬರು, “ಗಾಡಿ ಇನ್ನೂ ಹತ್ತು ವರ್ಷ ಓಡ್ತದೆ ಮೇಡಂ, ಇನ್ಶಾಲ್ಲಾ. ನಿಮ್ದೇ ನೋಡ್ಕೊಳ್ಳಿ” ಎಂದಿದ್ದರು. ಅವರಿಗೂ ಸರಿಯಾದ ಉತ್ತರ ಕೊಟ್ಟೇ ಬಂದೆ.

ಕಿರಂಗೂರು ದಾಟುವಾಗ ರಸ್ತೆ ಬದಿ ಕಟ್ಟಿದ್ದ ಎರಡು ಹಸುಗಳು ನನ್ನ ಬೈಕಿನ ಸದ್ದಿಗೇ ಗೂಟದ ಸುತ್ತ ತಿರುಗತೊಡಗಿದವು. ಇವತ್ತು ರಜಾ ಕಣ್ರೇ ಎಂದು ಕೂಗಿ ಹೇಳಿ ಮುಂದೆ ಹೋದೆ. ಪಾಂಡವಪುರದ ಕಡೆ ಕಬ್ಬಿನ ಟ್ರಾಕ್ಟರುಗಳು ಒಂದರ ಹಿಂದೊಂದು. ಅವನ್ನು ಹಿಂದೆ ಹಾಕುವಷ್ಟರಲ್ಲಿ ಬಾಯಿತುಂಬ ಧೂಳು, ಬೈಗುಳ ಎರಡೂ ಆಯಿತು.

ಅಣ್ಣ ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೋಗುವ ಹೊತ್ತು ನೋಡಿಕೊಂಡೇ ಹೊಲದ ಹತ್ತಿರ ನಿಲ್ಲಿಸಿದ್ದೆ. ತಿಂಡಿ ಡಬ್ಬಿ ತೆಗೆದು, ಹುಣಸೆಮರದ ಬುಡದಲ್ಲಿ ಕೂತು ಕಡ್ಡಿಯಿಂದ ಮಣ್ಣು ಕೆದಕುತ್ತಿದ್ದೆ. ಆಗ ನೋಡಿದೆ, ಮರದ ಆಚೆ ಪಕ್ಕ ಒಂದು ಲೋಡು ಇಟ್ಟಿಗೆ ಇಳಿಸಿತ್ತು.

“ಅಯ್ ಶಿವನೇ, ನೀನಾ!” ಹಿಂದಿನಿಂದ ಅತ್ತಿಗೆಯ ದನಿ. ತಲೆ ಮೇಲೆ ಹುಲ್ಲಿನ ಹೊರೆ. ಡಬ್ಬಿ ನೋಡಿದಳು, ಮಣ್ಣು ನೋಡಿದಳು. “ಕಲ್ಲಳ್ಳಿಗಾ?”

ಹೂಂ ಎಂದೆ. ಇನ್ನೇನು ಸಿಕ್ಕಿಬಿದ್ದೆ ಎಂದುಕೊಂಡೆ. ಅವಳು ಹೊರೆ ಕೆಡವಿ, ನನ್ನ ಎರಡೂ ಕೆನ್ನೆ ನೀವಿ ನೆಟಿಕೆ ಮುರಿದಳು.

“ನಮ್ಮ್ ತಾಯಿ! ನಿಮ್ಮಣ್ಣ ಮನೆ ಇಚಾರ ಯೋಳ್ಬುಟ್ನಾ? ಪೂಜೆಗೆ ನಾವೇ ಓಗ್ಬೇಕು ಅಂತಿದ್ದೋ, ಪುರ್ಸೊತ್ತೇ ಇಲ್ಲ. ನೋಡು, ಕರೀದಿದ್ರೂ ನೀನೇ ಬಂದೆ. ಒಡಹುಟ್ಟಿದೋಳು ಅಂದ್ರೆ ಇಂಗಿರ್ಬೇಕು.”

“ಎಲ್ಲಿ ಕಟ್ತಿರೋದು ಮನೆ?”

“ಇಲ್ಲೇ ಕಣವ್ವ. ಈ ಮರ ತೆಗೆಸ್ಬುಟ್ಟು ಪಾಯ ಆಕ್ಸೋದು. ನಾಳಿಕೆ ನಿನ್ ಸೈನು ಆಯ್ತಿದ್ದಂಗೆ ಶುರು.”

ಅವಳೇ ಎರಡು ಇಟ್ಟಿಗೆ ಆರಿಸಿ, ಸೆರಗಿನಲ್ಲಿ ಒರೆಸಿ, ನನ್ನ ಬೈಕಿನ ಬ್ಯಾಗಿಗೆ ತುಂಬಿದಳು. ತುಂಬುತ್ತಾ ತನ್ನ ಕಥೆ ಹೇಳಿದಳು. ಅವಳ ತವರು ನಾಗಮಂಗಲದ ಹತ್ತಿರ. ಅವಳೂ ಸಹಿ ಹಾಕಿದ್ದಳಂತೆ. “ನಮ್ಮಣ್ಣ ಮೈಸೂರು ಸಿಲ್ಕ್ ಸೀರೆ ಕೊಟ್ಟ. ಇನ್ನೂ ಮಡಿಕೆ ಬಿಚ್ಚಿಲ್ಲ, ಅಂಗೇ ಐತೆ. ನಿಂಗೂ ಅಂತದ್ದೇ ತರ್ಸಿವ್ನಿ” ಎಂದು ಹೆಮ್ಮೆಯಿಂದ ಹೇಳಿದಳು. ಇಂಥವಳಿಗೆ ಏನು ಹೇಳಲಿ? ಡಬ್ಬಿ ಮುಚ್ಚಿ ಬೈಕ್ ಒದ್ದೆ.

ಜಕ್ಕನಹಳ್ಳಿ ಕ್ರಾಸಿನಿಂದ ಬೆಟ್ಟ ಹತ್ತುವಾಗ ಇಟ್ಟಿಗೆಗಳು ಪ್ರತಿ ತಿರುವಿನಲ್ಲೂ ಕಟಕಟ ಎನ್ನುತ್ತಿದ್ದವು. ತಲೆ ಕೆಟ್ಟುಹೋಗಿತ್ತು. ಒಂದೇ ನೆಲದ ಮೇಲೆ ಇಬ್ಬರ ಅರ್ಜಿ, ಎರಡನ್ನೂ ಹೊತ್ತುಕೊಂಡು ಹೊರಟವಳು ನಾನೊಬ್ಬಳೇ. ಯಾರಾದರೂ ಹೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಮೇಲುಕೋಟೆಯಲ್ಲಿ ಕಲ್ಯಾಣಿಯ ಪಕ್ಕ ನಿಲ್ಲಿಸಿ ಪುಳಿಯೋಗರೆ ತಿಂದೆ. ಗಾಳಿ ತಣ್ಣಗಿತ್ತು. ಕೆಳಗೆ ಹುರುಳಿ ಹೊಲಗಳು, ಬೋಳು ಬಂಡೆಗಳು, ದೂರದಲ್ಲಿ ನಮ್ಮ ಹೊಲವಿರುವ ದಿಕ್ಕು. ಹುಣಸೆಮರ ಅಲ್ಲಿಂದ ಕಾಣುವುದಿಲ್ಲ. ಗೊತ್ತಿದ್ದೂ ಹುಡುಕಿದೆ.

ಬೆಟ್ಟದ ಆಚೆ ಬದಿ ಇಳಿದು ಕೆ.ಆರ್.ಪೇಟೆ ಕಡೆ ಹೊರಟೆ. ಅಲ್ಲಿ ರಸ್ತೆ ಖಾಲಿ, ಎರಡೂ ಕಡೆ ಕುರುಚಲು ಗುಡ್ಡ. ಸಾಮಾನ್ಯವಾಗಿ ಅಂಥ ರಸ್ತೆ ಸಿಕ್ಕರೆ ನನಗೆ ಖುಷಿಯೋ ಖುಷಿ. ಅವತ್ತು ಮಾತ್ರ ಅಣ್ಣನ ಜೊತೆ ಹೆಲ್ಮೆಟ್ಟಿನೊಳಗೇ ಜಗಳವಾಡುತ್ತಾ ಹೋದೆ. ಅವನ ಮಾತನ್ನೂ ನಾನೇ ಆಡುತ್ತಿದ್ದೆ, ಅದರಲ್ಲೂ ಅವನೇ ಗೆಲ್ಲುತ್ತಿದ್ದ. ಬೂಕನಕೆರೆಯಲ್ಲಿ ಟೀ ಕುಡಿದು, ದಾರಿ ಕೇಳಿಕೊಂಡು, ಹಿನ್ನೀರಿನ ಕಡೆ ತಿರುಗಿದೆ.

ಭಾನುವಾರವಾದ್ದರಿಂದ ಜನಜಾತ್ರೆ. ಎಲ್ಲರ ಕೈಯಲ್ಲೂ ಕವರು, ಇಟ್ಟಿಗೆ, ಮಣ್ಣಿನ ಗಂಟು. ನನ್ನ ಮುಂದಿದ್ದ ಗಂಡಹೆಂಡತಿ ಸೈಟು ಯಾವ ದಿಕ್ಕಿಗಿದ್ದರೆ ಒಳ್ಳೆಯದೆಂದು ಸರದಿಯಲ್ಲೇ ಕಿತ್ತಾಡುತ್ತಿದ್ದರು. ಒಳಗೆ ಆಳೆತ್ತರಕ್ಕಿಂತ ದೊಡ್ಡ ವರಾಹಸ್ವಾಮಿ, ತೊಡೆಯ ಮೇಲೆ ಭೂದೇವಿ. ನಾನು ಡಬ್ಬಿಯನ್ನೂ ಇಟ್ಟಿಗೆಗಳನ್ನೂ ತಟ್ಟೆಯಲ್ಲಿ ಒಟ್ಟಿಗೆ ಇಟ್ಟೆ.

“ಯಾರ ಹೆಸರಿಗಮ್ಮ ಸಂಕಲ್ಪ?” ಅರ್ಚಕರು ಕೇಳಿದರು.

ಅಣ್ಣನ ಹೆಸರು ಹೇಳಿದೆ. ಇಟ್ಟಿಗೆಗೆ ಕುಂಕುಮ ಇಟ್ಟರು. ಡಬ್ಬಿ ತೆಗೆದುಕೊಂಡು, “ಈ ಮಣ್ಣು?” ಎಂದರು.

“ಅದೂ ಅದೇ ಜಮೀನಿಂದು ಸ್ವಾಮಿ.”

“ಹಾಗಾದರೆ ಅದೇ ಹೆಸರೇ ತಾನೆ?”

ಹಿಂದಿನವರು ತಳ್ಳುತ್ತಿದ್ದರು. ಹೂಂ ಎಂದಿದ್ದರೆ ಮುಗಿಯುತ್ತಿತ್ತು. “ಅಲ್ಲ, ಇದು ನನ್ನ ಹೆಸರಿಗೆ” ಎಂದೆ. ದನಿ ಎಷ್ಟು ಜೋರಾಗಿ ಬಂತೆಂದರೆ ಜಗಳವಾಡುತ್ತಿದ್ದ ಗಂಡಹೆಂಡತಿ ಸುಮ್ಮನಾಗಿ ತಿರುಗಿದರು. ಅರ್ಚಕರು ಒಂದು ಸಲ ನನ್ನ ಮುಖ ನೋಡಿ, “ಹೆಸರು, ನಕ್ಷತ್ರ ಹೇಳಿ” ಎಂದರು. ಹೇಳಿದೆ. ಆ ನೆಲದ ಜೊತೆ ನನ್ನ ಹೆಸರನ್ನು ಯಾರಾದರೂ ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು. ಅರ್ಧ ನಿಮಿಷದ ಮಂತ್ರ. ನನಗೆ ಅಳು ಬಂದುಬಿಟ್ಟಿತು.

ಹೊರಗೆ ಬಂದು ನೀರಿನ ದಂಡೆಯಲ್ಲಿ ಕೂತೆ. ಹಿನ್ನೀರು ಇಳಿದಿತ್ತು, ಬಿಟ್ಟುಹೋದ ಜಾಗದಲ್ಲಿ ಎಮ್ಮೆಗಳು ಮೇಯುತ್ತಿದ್ದವು. ಒಂದು ಎಮ್ಮೆ ಗಬ್ಬ, ದೂರದಿಂದಲೇ ಗೊತ್ತಾಗುತ್ತಿತ್ತು. ದೇವರು ಏನೂ ಹೇಳಲಿಲ್ಲ, ಹೇಳುತ್ತಾನೆಂದು ನಾನು ಅಂದುಕೊಂಡೂ ಇರಲಿಲ್ಲ. ಆದರೆ ಅಷ್ಟು ಜನರ ಎದುರು ಆಡಿದ ಮಾತನ್ನು ಅಣ್ಣನೊಬ್ಬನ ಎದುರು ಆಡಲಾರೆನೇ? ಸೋಮವಾರ ಹೊಟ್ಟೆನೋವೆಂದು ತಪ್ಪಿಸಿಕೊಳ್ಳುವುದು ಬೇಡ, ಇವತ್ತೇ ಹೇಳಿಬಿಡೋಣ ಎಂದು ಎದ್ದೆ.

ಚಿನಕುರಳಿ ಮೇಲೆ ಬಳಸಿಕೊಂಡು ಅಣ್ಣನ ಮನೆ ಸೇರಿದಾಗ ಇನ್ನೂ ಬಿಸಿಲಿತ್ತು. ಅಣ್ಣ ಜಗಲಿಯ ಮೇಲಿದ್ದ. ಇಟ್ಟಿಗೆ ತೆಗೆದು ಅವನ ಕೈಗೇ ಕೊಟ್ಟೆ. ಕಣ್ಣಿಗೊತ್ತಿಕೊಂಡ.

“ಮನೆ ಕಟ್ಟಣ್ಣ, ನಿನ್ನೆಸ್ರಿಗೆ ಪೂಜೆ ಆಗೈತೆ. ಆದ್ರೆ ಆ ಮರದ ಹತ್ರ ಬೇಡ. ನಾಳೆ ನಾನು ಬರಲ್ಲ. ಕೆಳಗಿನ ಗದ್ದೆ ಪೂರ್ತಿ ನೀನೇ ಇಟ್ಕೊ, ಮೇಲಿನ ಮೂಲೆ ನನ್ನೆಸ್ರಿಗೆ ಮಾಡ್ಕೊಡು.”

“ಯಾವನು ನಿನ್ ತಲೆ ಕೆಡ್ಸ್ದೋನು?”

“ಯಾರೂ ಇಲ್ಲ. ನಾನೇ.”

“ಅಪ್ಪನ್ನ, ಅವ್ವನ್ನ ಕೊನೇಗಂಟ ನೋಡ್ಕಂಡೋನು ನಾನು. ನೀನು ತಿಂಗ್ಳಿಗೊಂದ್ಸಲ ಬೈಕಲ್ಲಿ ಬಂದು ಕಾಪಿ ಕುಡ್ಕಂಡ್ ಹೋಯ್ತಿದ್ದೆ.”

ಅದು ಸುಳ್ಳಲ್ಲ. ನೋವಾಯಿತು. “ಅದಕ್ಕೇ ಗದ್ದೆ ಕೇಳ್ಲಿಲ್ಲ” ಎಂದೆ.

“ಊರೋರ್ ಮುಂದೆ ನನ್ ಮಕ ಎಲ್ಲಿಕ್ಕೊಳ್ಳಿ? ಓಗವ್ವ, ಓಗು. ಇನ್ ಈ ಕಡೆ ಬರ್ಬ್ಯಾಡ.” ಇಟ್ಟಿಗೆಗಳನ್ನು ಜಗಲಿಯ ಮೇಲಿಟ್ಟು ಒಳಗೆ ಹೋದ. ಎಸೆಯಲಿಲ್ಲ, ಮೆಲ್ಲಗೇ ಇಟ್ಟ. ಎಸೆದಿದ್ದರೆ ನನಗೂ ಸಿಟ್ಟು ಬರುತ್ತಿತ್ತು, ಸುಲಭವಾಗುತ್ತಿತ್ತು.

ಹೊಲಕ್ಕೆ ಹೋಗಿ ಡಬ್ಬಿಯ ಮಣ್ಣನ್ನು ತೆಗೆದ ಜಾಗಕ್ಕೇ ಸುರಿದೆ. ಗೆದ್ದ ಹಾಗೇನೂ ಅನ್ನಿಸಲಿಲ್ಲ. ಮುಂದಿನ ಗೌರಿ ಹಬ್ಬಕ್ಕೆ ಯಾರ ಮನೆಗೆ ಹೋಗುವುದು ಎಂಬುದೊಂದೇ ತಲೆಯಲ್ಲಿತ್ತು. ಹೆಲ್ಮೆಟ್ ಹಾಕಿಕೊಳ್ಳುವಷ್ಟರಲ್ಲಿ ಅತ್ತಿಗೆ ಬದುವಿನ ಮೇಲೆ ಓಡೋಡಿ ಬರುವುದು ಕಾಣಿಸಿತು. ಒಳಗಿನಿಂದ ಎಲ್ಲ ಕೇಳಿಸಿಕೊಂಡಿರಬೇಕು, ಅವಳಿಂದಲೂ ಬೈಸಿಕೊಳ್ಳಬೇಕಾದದ್ದು ಸರಿಯೇ ಎಂದು ನಿಂತೆ. ಬೆಳಿಗ್ಗೆ ಅವಳ ಖುಷಿಯನ್ನು ಕಂಡೂ ಸುಮ್ಮನಿದ್ದವಳು ನಾನು.

ಏದುಸಿರು ಬಿಡುತ್ತಾ ಬೈಕಿನ ಹ್ಯಾಂಡಲ್ ಹಿಡಿದುಕೊಂಡಳು. ಒಮ್ಮೆ ಮನೆಯ ಕಡೆ ತಿರುಗಿ ನೋಡಿದಳು.

“ಮಣ್ಗೆ ನಿನ್ನೆಸ್ರೇ ಯೋಳುದ್ಯಾ?”

“ಹೂಂ.”

“ಐನೋರು ಏನೂ ಅನ್ಲಿಲ್ವಾ?”

“ಇಲ್ಲ. ನಕ್ಷತ್ರ ಕೇಳಿದ್ರು, ಅಷ್ಟೆ.”

ಅವಳು ಖಾಲಿ ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಒಳಗೆ ಅಂಟಿದ್ದ ಮಣ್ಣನ್ನು ಸೆರಗಿನಿಂದ ಒರೆಸತೊಡಗಿದಳು. ಒರೆಸಿದ್ದನ್ನೇ ಒರೆಸಿದಳು. ಆಮೇಲೆ ತಲೆ ಎತ್ತದೆ ಕೇಳಿದಳು.

“ನಾಗಮಂಗಲ ಇಲ್ಲಿಂದ ಬೈಕಲ್ಲಿ ಏಟೊತ್ತು? ಅಲ್ಲ... ಸೈನು ಆಕ್ಬುಟ್ಟೋರ್ ಮಣ್ಣೂ ತಕತಾನಾ ಆ ದೇವ್ರು?”

ನನಗೆ ಗೊತ್ತಿಲ್ಲ ಎಂದೆ. ಡಬ್ಬಿ ಅವಳ ಹತ್ತಿರವೇ ಇರಲೆಂದು ಬಿಟ್ಟು ಬಂದೆ.