ಉಡಿಯಲ್ಲಿ ಹೋದ ಗಿಡ್ಡರಾಜ

ನಿಡೋಣಿಯ ಶಿವಯೋಗೆಪ್ಪ ಲೋಕಕ್ಕೆ ಒಂದೇ ಒಂದು ಹೊಸ ತಳಿಯನ್ನು ಕೊಟ್ಟ. ಕೊಟ್ಟದ್ದನ್ನು ಹಿಂದಕ್ಕೆ ಕೇಳುವ ಹೊತ್ತಿಗೆ ಅವನ ಮೀಸೆಯೇ ಜೋತುಬಿದ್ದಿತ್ತು.

ಸೇವಂತಿಗೆ ಬೆಳೆಯುವುದರಲ್ಲಿ ಅವನು ಚಕ್ರವರ್ತಿ. ಯಾರ ಹೊಲದಲ್ಲಿ ಕುಡಿ ಕತ್ತರಿಸಬೇಕಾದರೂ ಸೊಂಟಕ್ಕೆ ಚೂರಿ ಸಿಕ್ಕಿಸಿ ದಂಡಯಾತ್ರೆ ಹೊರಡುತ್ತಿದ್ದ. ಗಿಡದಿಂದ ಗಿಡಕ್ಕೆ ಹೋಗುವ ಆ ಚೂರಿ ಒಮ್ಮೆಯಾದರೂ ನೀರು ಕಂಡದ್ದನ್ನು ನೋಡಿದವರಿಲ್ಲ.

ಹೋದ ವರ್ಷ ಅವನ ಹೊಲದ ಒಂದು ಸಾಲು ಗೇಣುದ್ದಕ್ಕೇ ನಿಂತುಬಿಟ್ಟಿತು. ಉಳಿದ ಗಿಡಗಳು ಮೊಗ್ಗು ಕಾಣುವ ಮೊದಲೇ ಇವು ಅಂಗಿಯ ಗುಂಡಿಯಷ್ಟು ಹೂ ಬಿಟ್ಟವು. ಬೇರೆಯವರಾದರೆ ಗಾಬರಿಯಾಗುತ್ತಿದ್ದರು, ಶಿವಯೋಗೆಪ್ಪ ರುಮಾಲು ಸುತ್ತಿಕೊಂಡ.

"ನನ್ನ ಕೈಯಾಗ ಹೊಸಾ ತಳಿ ಹುಟ್ಟೇತಿ ನೋಡ್ರಿ! ಗಿಡ್ಡರಾಜ!" ಎಂದು ಪೇಡೆ ಹಂಚಿದ.

ಈ ಸಲ ಪಂಚಮಿಗೆ ತವರಿಗೆ ಬಂದ ತಂಗಿ ನೀಲಾಬಾಯಿಯ ಉಡಿಗೆ ಕುಪ್ಪಸದ ಕಣ, ಕೊಬ್ಬರಿಯ ಜೊತೆ ಗಿಡ್ಡರಾಜನ ಮರಿಸಸಿಗಳೂ ಬಿದ್ದವು. ಅಷ್ಟಕ್ಕೇ ಸುಮ್ಮನಾಗದೆ ಅಣ್ಣ ಅವಳ ಊರಾದ ಜೈನಾಪುರಕ್ಕೂ ಹೋಗಿ, ಅವಳ ಹಳೆಯ ಗಿಡಗಳ ಕುಡಿಗಳನ್ನು ಅದೇ ಚೂರಿಯಿಂದ ಕತ್ತರಿಸಿ ಬಂದ. ಗಂಡನಿಲ್ಲದ ನೀಲಾಬಾಯಿಯ ಮನೆ ನಡೆಯುತ್ತಿದ್ದುದೇ ಆ ಹೂವಿನಿಂದ.

ತಳಿಗೆ ಸರ್ಕಾರದ ಮುದ್ರೆ ಬೀಳಲೆಂದು ಶಿವಯೋಗೆಪ್ಪ ವಿಜಯಪುರದ ಒಂದು ಪ್ರಯೋಗಾಲಯಕ್ಕೆ ಎಲೆ ಒಯ್ದ. ಅಲ್ಲಿ ಪರೀಕ್ಷೆ ಮಾಡುವ ತಬಸ್ಸುಮ ಎಲೆ ಅರೆದು ಪರೀಕ್ಷೆಯ ಪಟ್ಟಿಯೊಂದನ್ನು ಅದ್ದಿದಳು. ವೈರಸ್ಸಿನ ಗೆರೆ ಮೂಡಲಿಲ್ಲ.

"ಮತ್ತೇನ್ರಿ! ಮುದ್ರಿ ಒತ್ತ್ರಿ!"

"ತಡೀರಿ ಕಾಕಾ. ಈ ಪಟ್ಟಿ ವೈರಸ್ಸಿನ ಮೈಮ್ಯಾಲಿನ ಅಂಗಿ ಹಿಡಿತೈತಿ. ವೈರಾಯ್ಡ್ ಅಂತ ಅದಕ್ಕಿಂತ ಸಣ್ಣ ರೋಗಾಣು ಇನ್ನೊಂದೈತಿ, ಅದಕ್ಕ ಅಂಗಿನೇ ಇಲ್ಲ. ಅದನ್ನ ಪಿಸಿಆರ್ ಪರೀಕ್ಷೆ ಮಾಡಿ ಹುಡುಕಬೇಕು. ಮುಂದಿನ ವಾರ ಬರ್ರಿ."

ಮುಂದಿನ ವಾರ ಅವಳು ಕುರ್ಚಿ ಕೊಟ್ಟು ಕೂರಿಸಿದಳು.

"ಇದು ತಳಿ ಅಲ್ರಿ ಕಾಕಾ. ವೈರಾಯ್ಡ್ ಸಿಕ್ಕೈತಿ, ಗಿಡಾ ಗಿಡ್ಡ ಮಾಡೋ ರೋಗ. ಮರಿ ಜೊತಿಗೆ ಹೋಗ್ತೈತಿ, ಕೈಗೆ ಹತ್ತಿ ಹೋಗ್ತೈತಿ, ಚೂರಿಗೆ ಹತ್ತಿನೂ ಹೋಗ್ತೈತಿ. ಔಷಧ ಇಲ್ಲ, ಕಿತ್ತು ಸುಡಬೇಕು. ಯಾರಿಗರ ಕೊಟ್ಟೀರೇನು?"

ಚಕ್ರವರ್ತಿ ಸೊಂಟದ ಚೂರಿಯನ್ನು ಮೆಲ್ಲಗೆ ಅಂಗಿಯೊಳಗೆ ಸರಿಸಿದ.

ಬಬಲೇಶ್ವರದಲ್ಲಿ ಬಸ್ಸಿನಿಂದ ಇಳಿದು, ಜೈನಾಪುರದ ದಾರಿ ಹಿಡಿಯುವ ಮೊದಲು ಬೇಡದ ಚಹಾ ಕುಡಿದ. ಮನೆಮಗಳ ಉಡಿಗೆ ಹಾಕಿದ್ದನ್ನು ತವರಿನವರು ಮರಳಿ ಕೇಳಿದ್ದುಂಟೆ? ರುಮಾಲು ಬಿಚ್ಚಿ ಚೀಲಕ್ಕೆ ತುರುಕಿದ.

ನೀಲಾಬಾಯಿ ಹೊಲದಲ್ಲಿದ್ದಳು. ಸುತ್ತಲೂ ಗಿಡ್ಡರಾಜನ ಸೈನ್ಯ, ಅದರಾಚೆ ಚೂರಿ ತಾಗಿದ ಹಳೆಯ ಗಿಡಗಳು. ಆಕಳು, ಮೋಡ, ಮೊಮ್ಮಕ್ಕಳು ಎಲ್ಲದರ ಯೋಗಕ್ಷೇಮ ಕೇಳಿ ಮುಗಿದ ಮೇಲೆ, ಶಿವಯೋಗೆಪ್ಪ ನೆಲ ನೋಡುತ್ತ ಎಲ್ಲವನ್ನೂ ಹೇಳಿದ. ನೀಲಾಬಾಯಿ ಕೈಯ ಮಣ್ಣು ಕೊಡವಿದಳು.

"ಉಡ್ಯಾಗ ಹಾಕಿದ್ದನ್ನ ಹೊಳ್ಳಿ ಕೇಳಾಕ ಬಂದಿಯೇನೋ ಅಣ್ಣಾ?"

"ತಪ್ಪಾಗೇತಿ ನೀಲಾ. ನಾನ ಕೀಳತೇನಿ."

"ಮುಟ್ಟಬ್ಯಾಡ! ಆ ಕೈ ಮಾಡಿದ್ದು ಸಾಕು. ಒಡ್ಡಿನ ಮ್ಯಾಲೆ ಕುಂದ್ರು ಹೋಗು."

ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಅಣ್ಣ ಕೂತ. ತಂಗಿ ಹೊಲದ ಮೂಲೆಯಲ್ಲಿ ಕಸಕ್ಕೆ ಬೆಂಕಿ ಹಚ್ಚಿ ಬಂದು, ಒಂದೊಂದೇ ಗಿಡ ಕಿತ್ತು ಸೆರಗಿಗೆ ತುಂಬಿಕೊಂಡಳು.

"ನಿನ್ನ ಚೂರಿ ಮತ್ತ ಯಾರ್ಯಾರ ಹೊಲ ಹೊಕ್ಕೇತಿ?"

ಅವನು ತೊಡೆಯ ಕೆಳಗಿನ ಕೈ ತೆಗೆದು ಬೆರಳು ಎಣಿಸಿದ; ಎರಡು ಕೈಯೂ ಸಾಲಲಿಲ್ಲ.

"ಹಂಗಾರ ಮನಿಮನಿಗೆ ಹೋಗು. ನನಗ ಹೇಳಿದಂಗನ ಎಲ್ಲಾರಿಗೂ ಹೇಳು."

ಅಷ್ಟರಲ್ಲಿ ಪಕ್ಕದ ಹೊಲದ ಪರಸವ್ವ ಬುಟ್ಟಿ ಹಿಡಿದು ಬಂದಳು. "ಶಿವಯೋಗೆಪ್ಪಣ್ಣಾರ, ಪೇಡೆ ಹಂಚಿದ್ರಂತ! ನಮಗೂ ನಾಕು ಮರಿ ಕೊಡ್ರಲಾ."

ಶಿವಯೋಗೆಪ್ಪ ತಂಗಿಯ ಕಡೆ ನೋಡಿದ. ಅವಳು ತಲೆಯೆತ್ತಲಿಲ್ಲ.

"ಪರಸವ್ವಾ, ಅದು ತಳಿ ಅಲ್ಲವ್ವಾ. ರೋಗ."

"ಅಯ್ಯ ಯಪ್ಪಾ! ರೋಗಕ್ಕ ರುಮಾಲು ಸುತ್ತಿದ್ರೇನು?"

ಅವಳ ನಗು ಆಚೆ ಹೊಲದವರೆಗೂ ಹೋಯಿತು. ನೀಲಾಬಾಯಿ ಮಾತ್ರ ನಗಲಿಲ್ಲ. ಸೆರಗು ಬಿಗಿಯಾಗಿ ಹಿಡಿದು, ಅಣ್ಣ ಕೊಟ್ಟ ಉಡಿಯನ್ನು ಬೆಂಕಿಯ ಕಡೆಗೆ ಹೊತ್ತು ನಡೆದಳು.

ಶಿವಯೋಗೆಪ್ಪ ಎದ್ದು ನಿಡೋಣಿಯ ದಾರಿ ಹಿಡಿದ. ಅಲ್ಲಿ ಪೇಡೆ ತಿಂದವರೆಲ್ಲ ಇದ್ದರು.